ಹೆಸರು ಕೇಳದೆ ಹೋದ ಸಾಹುಕಾರ

ನೋಡಿ, ನಮ್ಮ ಸೀಮೆಯ ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಬಟ್ಟೆ ವ್ಯಾಪಾರದ ಸಾಹುಕಾರ, ಮುಂದೆ ಅಂಗಡಿ, ಹಿಂದೆ ಮನೆ. ಈಗಿನ ಮಾತಲ್ಲ. ಸಿಸ್ಟರುಗಳು ಸೈಕಲ್ ತಳ್ಳಿಕೊಂಡು ಓಣಿ ಓಣಿ ತಿರುಗುತ್ತಿದ್ದ ಕಾಲ. ಯಾವ ಮನೆಯಲ್ಲಿ ಬಸುರಿ, ಯಾವ ಮನೆಯಲ್ಲಿ ಬಾಣಂತಿ, ಎಲ್ಲ ಅವರಿಗೆ ಬಾಯಿಪಾಠ. ಎಂಥ ಕಾಲ ಅದು!

ಸಾಹುಕಾರನಿಗೆ ಕೆಮ್ಮು ಹತ್ತಿತು. ಒಂದು ತಿಂಗಳು ಮುಚ್ಚಿಟ್ಟ. ಕಫದಲ್ಲಿ ರಕ್ತ ಕಂಡ ದಿನ, ಗುರುತಿನವರು ನೋಡಬಾರದೆಂದು ತಲೆಗೆ ಟವೆಲು ಹೊದ್ದು ಜಿಲ್ಲೆಯ ಸರಕಾರಿ ದೊಡ್ಡಾಸ್ಪತ್ರೆಗೆ ಹೋದ. ಕ್ಷಯ ಎಂದರು. ಮನೆಯಲ್ಲಿ ಮಗಳ ಮದುವೆ ಗೊತ್ತಾಗಿದೆ. ಸುದ್ದಿ ಬೀಗರ ಕಿವಿಗೆ ಬಿದ್ದರೆ? ಯಾರಿಗೂ ಹೇಳದೆ ಊರಿಗೆ ಮರಳಿದ.

ಆಸ್ಪತ್ರೆ ಅಂದರೆ ಬರೀ ಗೋಡೆ, ಮಂಚವೇ? ಆ ಆಸ್ಪತ್ರೆಗೆ ಕಾಲೂ ಇದ್ದವು. ದೊಡ್ಡ ಡಾಕ್ಟರ ಚೀಟಿ ಊರಿನ ಆರೋಗ್ಯ ಉಪಕೇಂದ್ರಕ್ಕೆ ಬಂತು. ಮೂರನೆಯ ದಿನ ಸಿಸ್ಟರ್ ಗುಳಿಗೆ ಡಬ್ಬಿ ಹಿಡಿದು ಅಂಗಡಿಯ ಮೆಟ್ಟಿಲ ಹತ್ತಿರ ನಿಂತಳು. ಸಾಹುಕಾರ ಗಡಬಡಿಸಿ ಗಲ್ಲೆಯಿಂದ ಎದ್ದ. ಅವಳನ್ನು ಬದಿಗೆ ಕರೆದು, "ಮುಂದಿನ ಬಾಗಲಕ್ಕ ಬರಬ್ಯಾಡ್ರಿ. ಹಿತ್ತಲದಾಗ ಬರ್ರಿ," ಎಂದ.

"ಎಲ್ಲಿ ಬಾ ಅಂದ್ರ ಅಲ್ಲಿ ಬರ್ತೀನ್ರಿ. ನೀವು ಮಾತ್ರ ನನ್ನ ಕಣ್ಣಮುಂದ ನುಂಗಬೇಕು," ಎಂದಳು.

ಬಂದಳು. ದಿನ ಬಿಟ್ಟು ದಿನ ಬಂದಳು. ಬಿಸಿಲಲ್ಲಿ ಬಂದಳು, ಕೆಸರಲ್ಲಿ ಬಂದಳು. ದನದ ಕೊಟ್ಟಿಗೆಯ ಪಕ್ಕ ನಿಂತು ಗುಳಿಗೆ ನುಂಗಿಸಿ ಹೋದಳು. ಕುಳಿತುಕೋ ಎಂದನೇ? ಇಲ್ಲ. ಒಂದು ಲೋಟ ನೀರು ಕೊಟ್ಟನೇ? ನೀರು ತಾನು ಕುಡಿದ, ಗುಳಿಗೆ ಇಳಿಯಲೆಂದು!

ಎರಡು ತಿಂಗಳಿಗೆ ಮೈ ತುಂಬಿತು. ಇನ್ನು ಸಾಕೆಂದು ಹಿತ್ತಲ ಬಾಗಿಲಿಗೆ ಅಗಳಿ ಹಾಕಿದ. ಅವಳು ಬಡಿದು ಬಡಿದು, ಕೊನೆಗೆ ಮುಂದಿನ ಬಾಗಿಲಿಗೇ ಬಂದಳು. ಅಂಗಡಿಯಲ್ಲಿ ಆ ಹೊತ್ತಿಗೆ ಬೀಗರೇ ಕುಳಿತು ಮದುವೆಯ ಜವಳಿ ಆರಿಸುತ್ತಿದ್ದಾರೆ! ಸಾಹುಕಾರ ತಲೆ ತಗ್ಗಿಸಿ, ಮಡಚಿದ ಸೀರೆಯನ್ನೇ ಮತ್ತೆ ಮಡಚತೊಡಗಿದ. "ಏನವ್ವಾ, ಏನ್ ಬೇಕಾಗಿತ್ತು?" ಎಂದು ಬೀಗರೇ ಕೇಳಿಬಿಟ್ಟರು.

"ಒಂದು ಸೀರಿ ನೋಡಾಕ ಬಂದೇನ್ರಿ," ಎಂದಳು. ಕುಳಿತಳು. ಅರ್ಧ ತಾಸು ಸೀರೆ ತೆಗೆಸಿ ನೋಡಿದಳು. ಬೀಗರು ಎದ್ದು ಹೋದ ಮೇಲೆ ಡಬ್ಬಿ ತೆರೆದಳು. "ಆರಾಮ ಆತು ಅಂತ ಬಿಟ್ರ ಬ್ಯಾನಿ ಹೊಳ್ಳಿ ಬರ್ತೈತ್ರಿ ಸಾವ್ಕಾರ್ರ. ಮಗಳ ತಲಿಮ್ಯಾಲ ಅಕ್ಕಿಕಾಳು ನಿಮ್ಮ ಕೈಯಿಂದಾನ ಬೀಳಬೇಕಲ್ರಿ?" ಸಾಹುಕಾರ ಗುಳಿಗೆ ನುಂಗಿದ.

ಆರು ತಿಂಗಳಿಗೆ ರೋಗ ವಾಸಿಯಾಯಿತು. ಮದುವೆಯೂ ಆಯಿತು. ಊರೆಲ್ಲ ಉಂಡಿತು. ಲಗ್ನಪತ್ರಿಕೆ ಮಾತ್ರ ಸಿಸ್ಟರಿಗೆ ಹೋಗಲಿಲ್ಲ. ಇವರು ನಿಮಗೆ ಹೇಗೆ ಪರಿಚಯ ಎಂದು ಯಾರಾದರೂ ಕೇಳಿದರೆ?

ವರ್ಷಗಳು ಕಳೆದವು. ಮೊಮ್ಮಗಳನ್ನು ತೊಡೆಯ ಮೇಲೆ ಆಡಿಸುವಾಗೆಲ್ಲ ಸಾಹುಕಾರನಿಗೆ ಹಿತ್ತಲ ಬಾಗಿಲ ಆ ಮೆಲ್ಲಗಿನ ಬಡಿತ, ಕೊಟ್ಟಿಗೆಯ ಪಕ್ಕ ನಿಂತ ಬಿಳಿ ಸೀರೆ ನೆನಪಾಗುತ್ತಿತ್ತು. ಒಂದು ದಿನ ತಡೆಯಲಾರದೆ ದೊಡ್ಡಾಸ್ಪತ್ರೆಗೆ ಹೋಗಿ ವಿಚಾರಿಸಿದ. "ಯಾವ ಸಿಸ್ಟರ್ರೀ? ಹೆಸರೇನು?" ಎಂದರು. ಆರು ತಿಂಗಳು ತನ್ನ ಜೀವ ಕಾಯ್ದವಳ ಹೆಸರು ಅವನು ಕೇಳಿರಲೇ ಇಲ್ಲ!

ಊರು, ವರ್ಷ ಹೇಳಿದ ಮೇಲೆ, "ಓ, ದಾನಮ್ಮ ಸಿಸ್ಟರ್! ಈಗ ಇಲ್ಲಿಗೇ ವರ್ಗ ಆಗಿ ಬಂದಾರ್ರಿ. ಅಲ್ಲೇ ಕಫ ಪರೀಕ್ಷೆ ಸಾಲಿನ ಹತ್ರ ಅದಾರ್ರಿ," ಎಂದರು. ಅವಳ ತಲೆ ನೆರೆತಿತ್ತು. ಸಾಹುಕಾರನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಆದರೂ ಜನರೆದುರು ಪರಿಚಯ ತೋರಿಸದೆ ಮುಖ ತಿರುಗಿಸಿದಳು. ಇಷ್ಟು ವರ್ಷದ ಮೇಲೂ ಅವನ ಗುಟ್ಟು ಕಾಯುತ್ತಿದ್ದಾಳೆ! ಸಾಹುಕಾರನಿಗೆ ದುಃಖ ಉಕ್ಕಿತು. ಸಾಲಿಗೆಲ್ಲ ಕೇಳುವಂತೆ, "ದಾನಮ್ಮಾರ, ನನಗ ಕ್ಷಯ ಆಗಿತ್ತು. ನೀವು ಗುಳಿಗಿ ನುಂಗಿಸಿದ್ದಕ್ಕ ಇವತ್ತು ಜೀವಂತ ಅದೀನಿ," ಎಂದು ಕೈ ಮುಗಿದ.

ಸಾಲಿನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ ಹೆಂಗಸೊಬ್ಬಳು ಮೆಲ್ಲಗೆ ತಿರುಗಿದಳು. "ಪೂರಾ ಆರಾಮ ಆಕ್ಕೈತೇನ್ರೀ ಅಪ್ಪಾರ?"

"ಆಕ್ಕೈತವ್ವಾ. ನನ್ನ ನೋಡು."

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಓಣಿಗೆ ಬರುವ ಆಶಾ ಕಾರ್ಯಕರ್ತೆಯ ಹೆಸರೇನು? ಗೊತ್ತಿಲ್ಲ ಅಲ್ಲವೇ? ನಾಳೆ ಬಂದಾಗ ಕೇಳಿ. ಪಡಸಾಲೆಗೆ ಕರೆಯಿರಿ, ಕುರ್ಚಿ ಹಾಕಿ, ನೀರು ಕೊಡಿ. ಕೊಟ್ಟ ಗುಳಿಗೆಯನ್ನು ಅರ್ಧಕ್ಕೆ ಬಿಡಬೇಡಿ. ಇನ್ನೊಂದು ಮಾತು. ಈ ಪ್ರವಚನ ಶುರುವಾಗಿ ಹದಿನೈದು ದಿನವಾಯಿತು. ಹದಿನೈದು ದಿನದಿಂದಲೂ ಹಿಂದಿನ ಸಾಲಿನಲ್ಲಿ ಒಂದು ಕೆಮ್ಮು ಕೇಳುತ್ತಿದ್ದೇನೆ. ಯಾರೆಂದು ನಾನು ನೋಡುವುದಿಲ್ಲ. ನಾಳೆ ನೀವು ಪ್ರವಚನಕ್ಕೆ ಬರದಿದ್ದರೂ ಚಿಂತೆಯಿಲ್ಲಪ್ಪ. ಬೆಳಗ್ಗೆ ಎದ್ದು ಮೊದಲು ಆಸ್ಪತ್ರೆಗೆ ಹೋಗಿ.