ಫೋಟೋಗೆ ಬಿದ್ದ ಬೆಳಕು

ಬಸ್ಸಿನ ಸಾಲಿನಲ್ಲಿ ದರ್ಜಿಯಮ್ಮನ ಮುಂದೆ ಅಕ್ಕ ತಮ್ಮ ಇಬ್ಬರು ನಿಂತಿದ್ದರು. ಅಕ್ಕ, ತೀರಿಹೋದ ಅಪ್ಪನ ಮುಖವಿದ್ದ ಟೈಲನ್ನು ತಮ್ಮನ ಮೂಗಿನ ಮುಂದೆಯೇ ಹಿಡಿದಳು. ಕೇಳಬಾರದೆಂದರೂ ದರ್ಜಿಯಮ್ಮನ ಕಿವಿ ಅತ್ತಲೇ ವಾಲಿತು.

“ಲೇಸರಲ್ಲಿ ನಾನು ಮುಖದ ಗೆರೆ ಕೊರೆದಾಗ ಸರಿಯಾಗೇ ಇತ್ತು. ಬಣ್ಣ ಹಾಕಿ ಕೆಡಿಸಿದ್ದು ನೀನು.”

“ಏನಾಗಿದೆ ಅಕ್ಕಾ?”

“ಕಾಗದದ ಮೇಲೆ ಬಣ್ಣಾನ ಉಲ್ಟಾ ಪ್ರಿಂಟ್ ಮಾಡ್ಬೇಕು. ಅದನ್ನ ಟೈಲ್ ಮೇಲಿಟ್ಟು ಬಿಸಿಯಲ್ಲಿ ಒತ್ತಿದಾಗ ಸರಿಯಾಗಿ ಕೂರುತ್ತೆ. ನೀನು ಉಲ್ಟಾ ಮಾಡದೇ ಹಾಗೇ ಒತ್ತಿಬಿಟ್ಟಿದ್ದೀಯ.”

“ಮುಖ ತಾನೆ? ಎರಡೂ ಕಡೆ ಒಂದೇ ಅಲ್ವಾ?”

“ಅಪ್ಪಂಗೆ ಪೊರೆ ಬಂದಿದ್ದು ಎಡಗಣ್ಣಿಗೆ ಕಣೋ. ಬಿಳಿ ಬಲಗಣ್ಣಿಗೆ ಬಂದಿದೆ, ನೋಡು.”

“ಅದು ಪೊರೇನಾ? ಫೋಟೋಗೆ ಬಿದ್ದ ಬೆಳಕು ಅಂದ್ಕೊಂಡಿದ್ದೆ.”

“ಹೂಂ. ಏಳು ವರ್ಷ ಬಿದ್ದಿತ್ತು ಆ ಬೆಳಕು.”

ಬಸ್ಸು ಬಂತು. ಅಕ್ಕ ಟೈಲನ್ನು ಎದೆಗವಚಿಕೊಂಡು ಮುಂದಿನ ಬಾಗಿಲಲ್ಲಿ ಹತ್ತಿದಳು. ತಮ್ಮ ಹಿಂದಿನ ಬಾಗಿಲಿಗೆ ಹೋದ.