ನಿಂತ ಮನೆಯೇ ಒಂದು

ಅಯ್ಯಯ್ಯೋ, ಅದು ಬೇಡ ಸಾರ್, ಕೆಳಗಿಡಿ ಅದನ್ನ! ಡಬ್ಬಿ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ. ಒಳಗೇನಿದೆ ಅಂತೀರಿ? ಒಂದು ಪ್ಲಾಸ್ಟಿಕ್ ಮೀನು, ಒಂದು ಬ್ಯಾಟರಿ. ಗುಂಡಿ ಒತ್ತಿದ್ರೆ ಬಾಯಿ ತೆರೆಯುತ್ತೆ, ಇನ್ನೊಂದು ಸಲ ಒತ್ತಿದ್ರೆ ಮುಚ್ಚುತ್ತೆ. ರಜೆ ಶುರುವಾದ ಮಾರನೇ ದಿನವೇ ಮಂಚದ ಕೆಳಗೆ ಸೇರುತ್ತೆ ನೋಡ್ತಿರಿ... ನಗ್ತೀರಾ? ಸ್ವಲ್ಪ ಮೆಲ್ಲಗೆ ನಗಿ ಸಾರ್, ನಮ್ಮ ಮ್ಯಾನೇಜರ್ ಕಿವಿಗೆ ಬಿದ್ರೆ ನನ್ನ ಕಥೆ ಮುಗೀತು.

ಹೆಣ್ಣು ಮಗು, ಎಂಟು ವರ್ಷ, ರಜೆಗೆ ಉಡುಗೊರೆ... ಇಷ್ಟೇ ತಾನೇ ನೀವು ಹೇಳಿದ್ದು? ಬನ್ನಿ, ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಇದೇ ನನ್ನ ಆಫೀಸು. ಈ ಮೇಜು, ಈ ಬಿಚ್ಚಿಟ್ಟ ಡಬ್ಬಿಗಳು. ಬಂದ ಗಿರಾಕಿ ಜೊತೆ ಆಡಿ ತೋರಿಸೋದು, ಆಡಿ ಸೋಲೋದು, ಅದೇ ಕೆಲಸ. ಗೆದ್ದೋರು ಖುಷಿಯಾಗಿ ಡಬ್ಬಿ ತಗೊಂಡು ಹೋಗ್ತಾರಲ್ಲ! ಬಿಲ್ ಕೌಂಟರಲ್ಲಿರೋ ಅಕ್ಕ ನನ್ನನ್ನ ಸೋಲು ಮೇಷ್ಟ್ರು ಅಂತಲೇ ಕರೆಯೋದು. ದಿನಪೂರ್ತಿ ಸೋತು ಸಂಬಳ ತಗೊಳ್ಳೋನು ನಾನೊಬ್ಬನೇ ಇರಬೇಕು.

ಇದಾ? ಬಣ್ಣದ ಕಾಗದ ಕತ್ತರಿಸಿ ಗೊಂಬೆಮನೆ ಮಾಡೋ ಸೆಟ್ಟು. ಚೆನ್ನಾಗೇನೋ ಇದೆ. ಆದ್ರೆ ಒಳಗಿರೋ ಕತ್ತರಿ ಬಲಗೈಯವರಿಗೆ ಮಾಡಿದ್ದು. ಎಡಗೈಯಲ್ಲಿ ಹಿಡಿದ್ರೆ ಕಾಗದ ಮಡಚಿಕೊಳ್ಳುತ್ತೆ, ಹೆಬ್ಬೆರಳು ಕೆಂಪಗಾಗುತ್ತೆ, ಆಮೇಲೆ ಸಿಟ್ಟು ಬಂದು ಎಲ್ಲಾ ಚೆಲ್ಲಾಪಿಲ್ಲಿ ಮಾಡಿ... ಏನು ಸಾರ್? ಎಡಗೈ ಅಂತ ನನಗೆ ಹೇಗೆ ಗೊತ್ತಾಯ್ತಾ? ನೀವೇ ಹೇಳಿದ್ರಲ್ಲ! ಹೇಳಿಲ್ವಾ? ಹಾಗಾದ್ರೆ ಈಗಷ್ಟೇ ಇಳಿದು ಹೋದ್ರಲ್ಲ ಆ ಅಜ್ಜಿ, ಅವರ ಮೊಮ್ಮಗಳಿರಬೇಕು. ಬೆಳಗ್ಗಿಂದ ಮಕ್ಕಳ ಕಥೆ ಕೇಳಿ ಕೇಳಿ ತಲೆ ಕಲಸುಮೇಲೋಗರ ಆಗಿದೆ. ನಿಮ್ಮವಳೂ ಎಡಗೈಯವಳೇನಾ? ನೋಡಿ, ಎಂಥ ಆಶ್ಚರ್ಯ!

ಬೇಡ, ಆ ಪ್ರಶ್ನೆ ಕೇಳೋ ಆಟಾನೂ ಬೇಡ. ಅದರಲ್ಲೊಂದು ಗಡಿಯಾರ ಟಿಕ್ ಟಿಕ್ ಅಂತಿರುತ್ತೆ. ಅವಸರ ಮಾಡಿಸಿದ್ರೆ ಗೊತ್ತಿದ್ದ ಉತ್ತರಾನೂ ಮರೆತು ಉಗುರು ಕಚ್ಚುತ್ತಾ ಕೂತ್ಬಿಡ್ತಾಳೆ... ಕೂತ್ಬಿಡ್ತಾರೆ ಮಕ್ಕಳು. ಸ್ಕ್ರೀನ್ ಮೇಲೆ ಆಡೋದು ಬೇಕಾ? ಅದೂ ಇದೆ, ಬೇಕಾದಷ್ಟಿದೆ. ಕೊಟ್ಟ ದಿನದಿಂದ ಮಗು ಒಂದು ಮೂಲೆ, ನೀವೊಂದು ಮೂಲೆ. ಅದು ಬೇಕಾ ನಿಮಗೆ? ಎದುರಿಗಿರೋ ಮಗು ಜೊತೆ ಆಡದೇ ಇರೋಕೆ ಯಾರಿಗಾದ್ರೂ ಮನಸ್ಸು ಬರುತ್ತಾ ಸಾರ್?

ಇಗೋ, ನಾನು ಹೇಳೋದು ಇದನ್ನ. ಹಾವು-ಏಣಿ. ಮೂಗು ಮುರೀಬೇಡಿ! ಹಳೇ ಆಟ ಅಂತ ತಾನೇ? ಹಲಗೆ ನೋಡಿ, ಎಷ್ಟು ಗಟ್ಟಿ. ಕಾಯಿ ಮರದ್ದು, ಕೈಯಲ್ಲಿ ಹಿಡಿದ್ರೆ ಹಿಡಿದ ಹಾಗಿರುತ್ತೆ. ನೀವು ಕೆಲಸ ಮುಗಿಸಿ ಹೋಗೋ ಹೊತ್ತಿಗೆ ಹಲಗೆ ಹಾಸಿಕೊಂಡು ಬಾಗಿಲ ಕಡೆ ನೋಡ್ತಾ ಕೂತಿರ್ತಾಳೆ. ಬೂಟು ಬಿಚ್ಚೋಕೂ ಬಿಡಲ್ಲ. ಕೆಂಪು ಕಾಯಿ ನಂದು ಅಂತಾಳೆ, ಕೊಟ್ಬಿಡಿ. ಸೋಲೋ ಹಾಗೆ ಕಂಡ್ರೆ ದಾಳಾನ ಫ್ರಾಕಿನ ಕೆಳಗೆ ಬಚ್ಚಿಟ್ಟು, ನೀರು ಕುಡಿದು ಬರ್ತೀನಿ ಅಂತಾಳೆ... ಕಳ್ಳಿ! ಕಂಡೂ ಕಾಣದ ಹಾಗೆ ಇದ್ಬಿಡಿ. ಅಂದ್ರೆ... ಎಲ್ಲಾ ಮಕ್ಕಳೂ ಹಾಗೇ ಅಲ್ವಾ ಸಾರ್. ಒಂದನ್ನ ಕಂಡ್ರೆ ಎಲ್ಲರನ್ನೂ ಕಂಡ ಹಾಗೆ. ಯಾಕೆ, ಹಲಗೇನ ಹಾಗೆ ಸವರ್ತಿದೀರಿ?

ನನಗಾ? ಮಕ್ಕಳಾ? ಈ ಅಂಗಡಿಗೆ ಬರೋವೆಲ್ಲ ನಮ್ಮ ಮಕ್ಕಳೇ ಬಿಡಿ. ಆಟದ ವಿಷ್ಯ ಮಾತಾಡೋಣ.

ಬೇರೆ ಅಂಗಡಿ ನೋಡ್ತೀನಿ ಅನ್ನಬೇಡಿ ಸಾರ್. ನಾನು ಕೈಯಾರೆ ಆರಿಸಿದ್ದು ಅವಳ ಕೈ ಸೇರಲಿ... ನಿಮ್ಮ ಮಗಳ ಕೈ ಅಂದೆ. ಹಟ ಅಂದ್ಕೊಳ್ಳಿ ಬೇಕಾದ್ರೆ. ಇಷ್ಟೊಂದು ಡಬ್ಬಿ ಮಾರ್ತೀನಿ, ಒಂದಾದ್ರೂ ಹೋಗಬೇಕಾದ ಮನೆಗೆ ಹೋಗಬೇಡ್ವಾ? ವಾಪಸ್ ಬರದ ಹಾಗೆ? ಮೇಲೆ ಸುತ್ತೋಕೆ ಹಸಿರು ಕಾಗದ ಹಾಕ್ತೀನಿ. ಹಳದಿ ಬೇಡವೇ ಬೇಡ. ಹಳದಿ ಕಂಡ್ರೆ ಮುಖ ಸಿಂಡರಿಸ್ತಾರೆ... ಮಕ್ಕಳು.

ಒಂದು ಆಟ ಆಡಿಯೇ ನೋಡಿ. ಆಮೇಲೆ ಬೇಡ ಅಂದ್ರೆ ನಾನೇ ಮೆಟ್ಟಿಲವರೆಗೂ ಬಂದು ಕಳಿಸಿಕೊಡ್ತೀನಿ. ಕೆಂಪು ನಿಮಗೆ, ನೀಲಿ ನನಗೆ. ಎರಡೂ ಕಾಯಿ ಮೊದಲನೇ ಮನೇಲಿ. ನಾನು ಹಾಕ್ತೀನಿ... ನಾಲ್ಕು. ಮುಂದಿನ ಮನೆ ಒಂದು, ಎರಡು, ಮೂರು, ನಾಲ್ಕು. ಈಗ ನೀವು. ಚೆನ್ನಾಗಿ ಕುಲುಕಿ ಹಾಕಿ... ಒಂದು! ಒಂದೇ ಅಂತ ಬೇಜಾರಾ? ಅದೃಷ್ಟ ಇರೋದೇ ಅಲ್ಲಿ, ಪಕ್ಕದ ಮನೇಲೇ ಏಣಿ! ನಡೆಸಿ ಕಾಯಿ. ನಡೆಸಿ ಸಾರ್... ಯಾಕೆ ಕೈ ಕಟ್ಕೊಂಡು ಕೂತ್ರಿ? ನನ್ನ ಸರದಿನಾ? ನನ್ನ ಸರದಿ ಹೇಗಾಗುತ್ತೆ, ನೀವಿನ್ನೂ ಕಾಯೀನೇ...

...

ನಿಂತ ಮನೆಯೇ ಒಂದು.

ಹಾಗಲ್ವಾ ಸಾರ್? ನಿಂತ ಮನೇನೇ ಒಂದು ಅಂತ ಎಣಿಸಿದ್ರಿ. ಅದಕ್ಕೇ ಕಾಯಿ ಅಲ್ಲೇ ಇದೆ. ನಿಮಗೆ... ನಿಮಗಿದನ್ನ ಯಾರು ಹೇಳಿಕೊಟ್ರು? ಈ ಮೇಜಿನ ಮುಂದೆ ಎಷ್ಟು ಜನ ಕೂತು ಎದ್ದು ಹೋಗಿದ್ದಾರೆ, ಒಬ್ಬರೂ ಹೀಗೆ ಆಡಿಲ್ಲ. ಇದು ಒಂದೇ ಒಂದು ಮನೇಲಿದ್ದ ಲೆಕ್ಕ ಸಾರ್! ಆಗ ಅವಳು ಇನ್ನೂ ಇಷ್ಟುದ್ದ. ನಿಂತ ಮನೆ ಮೇಲೇ ಕಾಯಿ ಕುಟ್ಟಿ, ಒಂದು, ಅಂತಿದ್ಲು. ಹಾಗಲ್ಲ ಪುಟ್ಟಾ, ಮುಂದಿನ ಮನೆಯಿಂದ ಎಣಿಸಬೇಕು ಅಂದೆ. ಏನಂದ್ಲು ಗೊತ್ತಾ? ಇಷ್ಟು ಹೊತ್ತು ಇದ್ದ ಮನೇನ ಎಣಿಸದೇ ಹೋದ್ರೆ ಅದಕ್ಕೆ ಬೇಜಾರಾಗಲ್ವಾ ಅಪ್ಪಾ, ಅಂದ್ಲು. ಆಮೇಲೆ ನಾನು ತಿದ್ದೋಕೆ ಹೋಗಲಿಲ್ಲ. ಒಂದು ಬಿದ್ರೆ ಇಬ್ಬರೂ ಕೈ ಕಟ್ಕೊಂಡು ಕೂತ್ಕೋತಿದ್ವಿ. ಈಗ ನೀವು ಕೂತ್ರಲ್ಲ, ಹೀಗೇ.

ಯಾಕೆ ಸಾರ್, ನನ್ನ ಮುಖಾನೇ ಹಾಗೆ ನೋಡ್ತಿದೀರಿ?

ಹೌದು ಸಾರ್. ನಾನೇ. ನೀವು ಮೆಟ್ಟಿಲು ಹತ್ತಿ ಬಂದಾಗಲೇ ಗುರುತು ಹಿಡಿದೆ. ಒಂದು ಶನಿವಾರ ಅವಳನ್ನ ಕರ್ಕೊಂಡು ಹೋಗೋಕೆ ನಿಮ್ಮ ಮನೆಗೆ ಬಂದಿದ್ದೆ. ಶನಿವಾರ ಅಪ್ಪನ ಜೊತೆ ಅಂತ ಕೋರ್ಟಲ್ಲಿ ಆಗಿತ್ತಲ್ಲ. ನೀವು ಅವಳ ಶಾಲೆ ಬ್ಯಾಗು ಹಿಡ್ಕೊಂಡು ಕಿಟಕಿ ಹತ್ರ ಒಳಗೆ ನಿಂತಿದ್ರಿ, ನನ್ನ ಕಡೆ ನೋಡಲಿಲ್ಲ. ಅವಳು ಗೇಟು ಬಿಗಿಯಾಗಿ ಹಿಡ್ಕೊಂಡು, ಬರಲ್ಲ, ಬರಲ್ಲ ಅಂತ ಅತ್ತಳು. ಅಳೋ ಮಗೂನ ಎಳ್ಕೊಂಡು ಹೋಗೋಕೆ ನನ್ನ ಕೈಲಿ ಆಗಲಿಲ್ಲ. ಆಮೇಲೆ ರಜೆ ಬಂದಾಗಲೆಲ್ಲ ಒಂದೊಂದು ಡಬ್ಬಿ ಕಳಿಸಿದೆ. ಸುತ್ತಿದ ಕಾಗದ ಸುತ್ತಿದ ಹಾಗೇ ವಾಪಸ್ ಬಂತು. ಅವಳ ಅಮ್ಮನ್ನ ದೂರಲ್ಲ ನಾನು. ಮಗು ಈಗಷ್ಟೇ ಹೊಂದಿಕೊಂಡಿದೆ, ಕದಡಬೇಡ ಅಂದ್ಲು. ನಿಜಾನೇ ಇರಬಹುದು. ಅದಕ್ಕೇ ನಿಮ್ಮ ಕೈಯಲ್ಲಿ ಕಳಿಸೋಣ ಅಂತ... ನನ್ನ ಸುದ್ದಿ ಇಲ್ಲದೇ ಹೋಗಲಿ, ಒಳಗೆ ಹೋದ್ರೆ ಸಾಕು ಅಂತ. ಡಬ್ಬೀನ ಬಿಟ್ಟು ಹೋಗಬೇಡಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ, ಬಿಟ್ಟು ಹೋಗಬೇಡಿ.

ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ. ನಿಮ್ಮ ಎದುರಿಗೆ ಕೂತು ಆಡ್ತಾಳಲ್ಲ... ಆದ್ರೆ ನಿಮಗೂ ಅವಳನ್ನ ತಿದ್ದೋಕೆ ಮನಸ್ಸು ಬರಲಿಲ್ಲ. ಅಲ್ವಾ?

ಒಂದು ಮಾತು ಕೇಳ್ತೀನಿ. ಒಂದೇ ಒಂದು. ಈ ಲೆಕ್ಕ ನಿಮಗೆ ಹೇಳಿಕೊಡುವಾಗ... ಮೊದಲು ಯಾರ ಜೊತೆ ಹೀಗೆ ಆಡ್ತಿದ್ದೆ ಅಂತ ಏನಾದ್ರೂ ಹೇಳಿದ್ಲಾ? ಹೆಸರು ಬೇಡ. ಅಪ್ಪ ಅನ್ನೋದೂ ಬೇಡ. ಒಬ್ಬರಿದ್ರು ಅಂತಾದ್ರೂ? ಹೂಂ ಅನ್ನಿ, ಉಹೂಂ ಅನ್ನಿ... ಏನಾದ್ರೂ ಅನ್ನಿ ಸಾರ್.

...

ಸರಿ. ಸರಿ ಬಿಡಿ. ಚಿಕ್ಕವಳು, ಏನೂ ತಪ್ಪಿಲ್ಲ. ತಲೆ ತಗ್ಗಿಸಬೇಡಿ ನೀವು.

ಕೊಡಿ ಇಲ್ಲಿ, ಸುತ್ತಿ ಕೊಡ್ತೀನಿ. ಹಸಿರು ಕಾಗದ... ಹಳದಿ ಅವಳಿಗಾಗಲ್ಲ. ಈಗಲೂ ಆಗಲ್ವಾ? ಇಲ್ಲ... ಈಗ ಹಳದೀನೇ ಇಷ್ಟಾನಾ? ನೀವೇ ಹೇಳಿ ಸಾರ್. ನನಗೆ ಗೊತ್ತಿಲ್ಲ.