ಹಜಾರದ ಹಾಸಿಗೆ

ಸೂಜಿ ಚುಚ್ಚಿ ಊದಿದ ಹೆಬ್ಬೆರಳು ಹಿಡಿದು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ದರ್ಜಿಯಮ್ಮನಿಗೆ ಪಕ್ಕದ ಗಂಡಹೆಂಡಿರ ಪಿಸುಮಾತು ಬೇಡವೆಂದರೂ ಕಿವಿಗೆ ಬಿತ್ತು.

“ಡಾಕ್ಟರು ದೂರ ಇರಿ ಅಂದಿದ್ದು ಮೂರು ತಿಂಗಳು. ಐದಾಯ್ತು. ಇನ್ನೂ ಹಜಾರದಲ್ಲೇ ಮಲಗ್ತೀರಿ.”

“ನಿಂಗೆ ನೋವಾಗ್ಬಾರ್ದು ಅಂತ.”

“ಗಂಡಾಗಿ ಹುಟ್ಟಿದ ನನ್ನ ಮೈಯೂ ಆಪರೇಷನ್ ಆಗಿ ಹೆಣ್ಣಾಯ್ತು. ಅದು ನಿಮಗೆ ಒಗ್ಗಲಿಲ್ಲ, ಹೇಳ್ಬಿಡಿ.”

“ಹುಚ್ಚಿ! ಹೊಲಿಗೆ ಬಿಟ್ಟು ರಕ್ತ ಬಂದ ದಿನದಿಂದ ಮುಟ್ಟೋಕೆ ಭಯ ಆಗುತ್ತೆ ಕಣೆ.”

“ಹಾಗಾದ್ರೆ ಇವತ್ತು ಕೇಳೋಣ. ಯಾವಾಗ ಕೂಡ್ಬಹುದು, ಗಾಯ ಆಗದ ಹಾಗೆ ಸುಖ ಹೇಗೆ ಅಂತ.”

“ಮೆಲ್ಲಗೆ!”

“ಯಾಕೆ ಮೆಲ್ಲಗೆ? ಕಳ್ಳತನ ಮಾಡಿದ್ನಾ?”

ನರ್ಸ್ ಆ ಹೆಂಡತಿಯನ್ನು ಕರೆದಳು. ಅವನೂ ಎದ್ದ. ಬಾಗಿಲ ಬಳಿ, ಮಡಿಕೆಗಳಲ್ಲಿ ಸವೆದುಹೋದ ಚೀಟಿಯೊಂದನ್ನು ಜೇಬಿನಿಂದ ತೆಗೆದು ಅವಳ ಕೈಗಿಟ್ಟ.

“ಎಲ್ಲಾ ಪ್ರಶ್ನೆ ಬರೆದಿಟ್ಟು ಎರಡು ತಿಂಗಳಾಯ್ತು. ನೀನೇ ಓದು. ನನಗೆ ನಾಲಿಗೆ ಹೊರಳಲ್ಲ.”